ಬಾವಿಯ ನೀರಿಗೆ ತೀರ್ಪು ನೀಡುವ ಮುನ್ನ

ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯಲ್ಲಿ, ಒಡಿಶಾದ ಗಡಿಗೆ ಸಮೀಪವಾಗಿ, ಉದ್ದಾನಂ ಎಂಬ ಕರಾವಳಿ ಪ್ರದೇಶವೊಂದಿದೆ. ಉದ್ಯಾನವನ ಎಂಬ ಮಾತೇ ಜನರ ಬಾಯಲ್ಲಿ ಸವೆದು ಉದ್ದಾನಂ ಆಯಿತೆಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ಕರಾವಳಿಯ ಓದುಗರಿಗೆ ಆ ಊರಿನ ಚಿತ್ರವನ್ನು ಬಿಡಿಸಿ ತೋರಿಸಬೇಕಾಗಿಲ್ಲ. ತೆಂಗು, ಗೇರು, ಹಲಸು, ಮರಳು ಬೆರೆತ ಮಣ್ಣು, ಸಮುದ್ರದ ಗಾಳಿ, ಮನೆಯಂಗಳದಲ್ಲಿ ಬಾವಿ. ಪಲಾಸದ ಗೇರುಬೀಜಕ್ಕೆ ದೇಶದಲ್ಲೆಲ್ಲ ಹೆಸರಿದೆ. 2018ರ ಅಕ್ಟೋಬರ್ ತಿಂಗಳಲ್ಲಿ ಬೀಸಿದ ತಿತ್ಲಿ ಚಂಡಮಾರುತವು ಅಲ್ಲಿಯ ತೆಂಗಿನ ತೋಟಗಳನ್ನು ನೆಲಸಮ ಮಾಡಿದಾಗ ಪತ್ರಿಕೆಗಳು ಆ ಹೆಸರನ್ನು ಕೆಲವು ದಿನ ಅಚ್ಚು ಹಾಕಿದವು. ಆದರೆ ಚಂಡಮಾರುತಕ್ಕೂ ಬಹಳ ಮೊದಲೇ, 1990ರ ದಶಕದಿಂದಲೂ, ಕವಿಟಿ, ಸೋಂಪೇಟ, ಕಂಚಿಲಿ, ಮಂದಸ, ವಜ್ರಪುಕೊತ್ತೂರು ಮುಂತಾದ ಮಂಡಲಗಳ ಹಳ್ಳಿಗಳಲ್ಲಿ ಬೇರೊಂದು ವಿನಾಶ ಸದ್ದಿಲ್ಲದೆ ನಡೆಯುತ್ತಿತ್ತು. ದುಡಿಯುವ ವಯಸ್ಸಿನ ಗಂಡಸರು, ಹೆಂಗಸರು ಮೂತ್ರಪಿಂಡಗಳು ಕೆಟ್ಟು ಸಾಯುತ್ತಿದ್ದರು.

ಮೂತ್ರಪಿಂಡ ಕೆಡುವುದಕ್ಕೆ ವೈದ್ಯರು ಸಾಮಾನ್ಯವಾಗಿ ಹುಡುಕುವ ಕಾರಣಗಳು ಎರಡು: ಸಕ್ಕರೆ ಕಾಯಿಲೆ ಮತ್ತು ರಕ್ತದ ಒತ್ತಡ. ಉದ್ದಾನದ ರೋಗಿಗಳಲ್ಲಿ ಹೆಚ್ಚಿನವರಿಗೆ ಇವೆರಡರ ಇತಿಹಾಸವೂ ಇರಲಿಲ್ಲ. ಹಾಗಾಗಿ ವೈದ್ಯಶಾಸ್ತ್ರವು ಇದಕ್ಕೆ 'ಕಾರಣ ತಿಳಿಯದ ದೀರ್ಘಕಾಲದ ಮೂತ್ರಪಿಂಡ ರೋಗ' ಎಂಬ ಹೆಸರನ್ನಿತ್ತಿತು. 2019ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಲ್ಲಿಯ ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮೂತ್ರಪಿಂಡದ ರೋಗವಿತ್ತು. ಅವರಲ್ಲಿ ಬಹುಪಾಲಿನವರದು ಕಾರಣ ತಿಳಿಯದ ಬಗೆಯದು. ಆ ಹಳ್ಳಿಗಳಿಗೆ ಹೆಣ್ಣು ಕೊಡಲು, ಅಲ್ಲಿಂದ ಹೆಣ್ಣು ತರಲು ಹೊರಗಿನವರು ಹಿಂಜರಿಯುತ್ತಾರೆಂದು ಪತ್ರಿಕೆಗಳು ಬರೆದಿವೆ. ರೋಗವು ದೇಹವನ್ನು ಮುರಿಯುವುದಕ್ಕೆ ಮೊದಲೇ ನೆಂಟಸ್ತಿಕೆಯನ್ನು ಮುರಿಯುತ್ತದೆ ಎಂದಾಯಿತು.

ಈ ಕಾಯಿಲೆಯ ಅತಿ ಕ್ರೂರವಾದ ಗುಣವೆಂದರೆ ಅದರ ಮೌನ. ನಮ್ಮ ಎರಡು ಮೂತ್ರಪಿಂಡಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಬಿಟ್ಟು ಉಳಿದುದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಪ್ರತಿಯೊಂದರಲ್ಲೂ ಹತ್ತು ಲಕ್ಷದಷ್ಟು ಸೂಕ್ಷ್ಮ ಸೋಸುಕಗಳಿವೆ. ಅರ್ಧದಷ್ಟು ನಾಶವಾದರೂ ಮನುಷ್ಯನಿಗೆ ಏನೂ ತೋರದು. ನೋವಿಲ್ಲ, ಜ್ವರವಿಲ್ಲ. ಕಾಲು ಬಾತು, ಊಟ ಸೇರದೆ, ಉಸಿರು ಕಟ್ಟಿ ಆಸ್ಪತ್ರೆಗೆ ಬರುವ ಹೊತ್ತಿಗೆ ಹೆಚ್ಚಿನ ಪಾಲು ಮುಗಿದಿರುತ್ತದೆ. ಆ ಮೇಲೆ ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಬದಿಯಲ್ಲಿ ಮಲಗಬೇಕು. ಸರಕಾರವು ಚಿಕಿತ್ಸೆಯನ್ನು ಉಚಿತವಾಗಿ ಕೊಟ್ಟರೂ, ಬಸ್ಸಿನ ಖರ್ಚು, ಜೊತೆಗೆ ಹೋಗುವವರ ದಿನಗೂಲಿಯ ನಷ್ಟ, ಮನೆಯಲ್ಲಿ ಉಳಿದ ಮಕ್ಕಳ ಪಾಡು ಇವುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಕಾರಣ ತಿಳಿಯದು ಎಂದಾಗ ಜನರ ಬೆರಳು ಮೊದಲು ಹೋಗುವುದು ಬಾವಿಯ ಕಡೆಗೆ. ಅದು ಸಹಜವೂ ಹೌದು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆ ನಮ್ಮಲ್ಲಿದೆ. ಒಂದು ಹಳ್ಳಿಯಲ್ಲಿ ಎಲ್ಲರೂ ಒಂದೇ ಅನ್ನ ಉಣ್ಣರು, ಒಂದೇ ಕೆಲಸ ಮಾಡರು. ನೀರು ಮಾತ್ರ ಎಲ್ಲರದೂ ಒಂದೇ ನೆಲದಡಿಯದು. ಹಾಗಿರುವಾಗ ಊರಿಗೇ ಹತ್ತಿದ ಕಾಯಿಲೆಗೆ ನೀರೇ ಮೂಲವೆಂದು ಭಾವಿಸುವವರನ್ನು ಅವಿವೇಕಿಗಳೆನ್ನಲಾಗದು. ಉದ್ದಾನದಲ್ಲಿ ಹಲವಾರು ತಂಡಗಳು ನೀರನ್ನು, ಮಣ್ಣನ್ನು ಪರೀಕ್ಷಿಸಿದವು. ಒಬ್ಬರ ಫಲಿತಾಂಶ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಇಂತಹ ವಸ್ತುವೇ ಇಂತಹ ರೋಗವನ್ನು ತಂದಿತೆಂದು ಇಂದಿನವರೆಗೂ ಸಿದ್ಧವಾಗಿಲ್ಲ.

ಶ್ರೀಲಂಕೆಯ ಅನುಭವವೂ ಇಂತಹುದೇ, ಮತ್ತು ಇನ್ನಷ್ಟು ಜಟಿಲವಾದುದು. ಆ ದ್ವೀಪದ ಉತ್ತರ ಮಧ್ಯ ಪ್ರಾಂತ್ಯವಾದ ಅನುರಾಧಪುರ, ಪೊಲೊನ್ನರುವ ಜಿಲ್ಲೆಗಳ ಭತ್ತದ ರೈತರಲ್ಲಿ ಇದೇ ರೋಗವು ಇದೇ 1990ರ ದಶಕದಲ್ಲಿ ಗಮನಕ್ಕೆ ಬಂದಿತು. ಮೊದಲು ಕ್ಯಾಡ್ಮಿಯಂ ಎಂಬ ಲೋಹದ ಮೇಲೆ ಸಂಶಯ ಬಂದಿತು; ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ರೋಗಿಗಳ ಮೂತ್ರದಲ್ಲಿ ಅದರ ಅಂಶ ಹೆಚ್ಚಿರುವುದನ್ನು ಹೇಳಿತು. ಕೆಲವರು ಆರ್ಸೆನಿಕ್ ಎಂದರು. 2014ರಲ್ಲಿ ಅಲ್ಲಿಯ ಸಂಶೋಧಕರ ಒಂದು ತಂಡವು ಗ್ಲೈಫೋಸೇಟ್ ಎಂಬ ಕಳೆನಾಶಕವು ಗಡಸು ನೀರಿನೊಡನೆ ಸೇರಿ ಲೋಹಗಳನ್ನು ಮೂತ್ರಪಿಂಡಕ್ಕೆ ಹೊತ್ತೊಯ್ಯುತ್ತಿರಬಹುದು ಎಂಬ ಊಹೆಯನ್ನು ಮುಂದಿಟ್ಟಿತು. ಅದು ಊಹೆಯೆಂದೇ ಅವರು ಬರೆದಿದ್ದರು. ಆದರೆ 2015ರಲ್ಲಿ ಸರಕಾರವು ಆ ಕಳೆನಾಶಕವನ್ನು ದೇಶಾದ್ಯಂತ ನಿಷೇಧಿಸಿತು. 2018ರಲ್ಲಿ ಚಹಾ ಮತ್ತು ರಬ್ಬರ್ ತೋಟಗಳಿಗೆ ನಿಷೇಧವನ್ನು ಸಡಿಲಿಸಿತು. 2022ರಲ್ಲಿ ಸಂಪೂರ್ಣವಾಗಿ ಹಿಂತೆಗೆದುಕೊಂಡಿತು. ಊಹೆ ನಿಜವೋ ಸುಳ್ಳೋ ಎಂಬುದು ಈ ಗೊಂದಲದಲ್ಲಿ ತೀರ್ಮಾನವಾಗಲೇ ಇಲ್ಲ. ಈಗ ಅಲ್ಲಿಯ ಸಂಶೋಧಕರಲ್ಲಿ ಅನೇಕರು ನೀರಿನ ಗಡಸುತನ ಹಾಗೂ ಫ್ಲೋರೈಡ್‌ಗಳ ಜಂಟಿ ಪರಿಣಾಮದತ್ತ ನೋಡುತ್ತಿದ್ದಾರೆ. ಬುಗ್ಗೆಯ ನೀರನ್ನು ಕುಡಿಯುವ ಮನೆಗಳಲ್ಲಿ ರೋಗ ಕಡಿಮೆಯೆಂಬುದು ಅವರ ಗಮನಕ್ಕೆ ಬಂದಿದೆ.

ಗುರುಮಠದ ತತ್ತ್ವಶಾಸ್ತ್ರದ ಮೊದಲ ವರ್ಷದಲ್ಲಿ ಕಲಿಸುವ ಪಾಠವೊಂದಿದೆ. ಒಂದರ ಬಳಿಕ ಇನ್ನೊಂದು ಬಂದಿತೆಂಬ ಮಾತ್ರಕ್ಕೆ ಮೊದಲಿನದು ಎರಡನೆಯದರ ಕಾರಣವಾಗದು ಎಂಬುದೇ ಆ ಪಾಠ. ಇದನ್ನು ನಮ್ಮ ಹಿರಿಯರು ಲ್ಯಾಟಿನ್ ಕಲಿಯದೆಯೇ ಬಲ್ಲವರಾಗಿದ್ದರು; ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಉದುರುವುದಕ್ಕೂ ಸರಿಹೋಯಿತೆಂದು ಕಾಕತಾಳೀಯ ನ್ಯಾಯವೆಂಬ ಹೆಸರನ್ನೇ ಇಟ್ಟಿದ್ದರು. ಹಸಿರು ಕ್ರಾಂತಿಯ ಗೊಬ್ಬರವೂ ಬಂದಿತು, ಕೊಳವೆ ಬಾವಿಯೂ ಬಂದಿತು, ನೋವಿನ ಮಾತ್ರೆಯೂ ಬಂದಿತು, ಬಿಸಿಲೂ ಏರಿತು. ಇವುಗಳಲ್ಲಿ ಕಾಗೆ ಯಾವುದು, ಗಾಳಿ ಯಾವುದು?

ಇಲ್ಲಿ ಯೂರೋಪಿನ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯಲ್ಲಿರುವ ಕ್ರೊಯೇಷಿಯ, ಬೋಸ್ನಿಯ, ಸರ್ಬಿಯ, ಬಲ್ಗೇರಿಯ, ರೊಮೇನಿಯ ದೇಶಗಳ ಕೆಲವು ಹಳ್ಳಿಗಳಲ್ಲಿ ರೈತರ ಮೂತ್ರಪಿಂಡಗಳು ಕೆಡುತ್ತಿದ್ದುದನ್ನು ವೈದ್ಯರು 1950ರ ದಶಕದಲ್ಲಿ ವರದಿ ಮಾಡಿದರು. ಒಂದು ಹಳ್ಳಿಯಲ್ಲಿ ರೋಗ, ಪಕ್ಕದ ಹಳ್ಳಿಯಲ್ಲಿ ಇಲ್ಲ. ಅಲ್ಲಿಯೂ ಬಾವಿಯ ನೀರಿನ ಮೇಲೆ ಶಂಕೆ ಬಂದಿತು. ಲೋಹಗಳು, ಬೂಷ್ಟಿನ ವಿಷ, ನೆಲದಡಿಯ ಕಲ್ಲಿದ್ದಲಿನಿಂದ ಬಾವಿಗೆ ಒಸರುವ ರಾಸಾಯನಿಕಗಳು ಹೀಗೆ ಒಂದೊಂದು ದಶಕಕ್ಕೆ ಒಂದೊಂದು ಆಪಾದಿತ. ಕೊನೆಗೆ ಸಿಕ್ಕಿದ್ದೇನು? ಗೋಧಿಯ ಹೊಲದಲ್ಲಿ ಬೆಳೆಯುವ ಅರಿಸ್ಟೊಲೋಕಿಯ ಎಂಬ ಕಳೆ. ಅದರ ಬೀಜಗಳು ಕೊಯ್ಲಿನಲ್ಲಿ ಗೋಧಿಯೊಡನೆ ಬೆರೆತು, ಹಿಟ್ಟಾಗಿ, ಮನೆಯ ರೊಟ್ಟಿಯಾಗಿ, ವರ್ಷಗಟ್ಟಲೆ ಅಲ್ಪಾಲ್ಪವಾಗಿ ಹೊಟ್ಟೆಗೆ ಸೇರುತ್ತಿದ್ದವು. 1969ರಲ್ಲಿಯೇ ಒಬ್ಬ ಸಂಶೋಧಕರು ಇದನ್ನು ಸೂಚಿಸಿದ್ದರು, ಯಾರೂ ಕಿವಿಗೊಡಲಿಲ್ಲ. 2007ರಲ್ಲಿ ರೋಗಿಗಳ ಜೀವಕೋಶಗಳಲ್ಲಿಯೇ ಆ ವಿಷದ ಗುರುತು ಸಿಕ್ಕಿದ ಮೇಲೆ ಜಗತ್ತು ಒಪ್ಪಿತು. ಸುಮಾರು ಅರ್ಧ ಶತಮಾನದ ಹುಡುಕಾಟ. ಬಾವಿಯು ಅಲ್ಲಿ ನಿರಪರಾಧಿಯಾಗಿತ್ತು.

(ಅದೇ ಕುಲಕ್ಕೆ ಸೇರಿದ ಈಶ್ವರಬಳ್ಳಿಯನ್ನು ನಮ್ಮ ಕಡೆ ನಾಟಿ ಮದ್ದಿಗೆ ಬಳಸುವ ರೂಢಿಯುಂಟು. ಅದರಲ್ಲಿಯೂ ಅದೇ ವಿಷವಿದೆ. ಗಿಡಮೂಲಿಕೆಯಾದುದರಿಂದ ಹಾನಿಯಿಲ್ಲ ಎಂಬ ನಂಬಿಕೆಯವರು ಇದನ್ನು ಗಮನಿಸಬೇಕು.)

ಇದಕ್ಕೆ ಪ್ರತಿಯಾಗಿ, ನೀರೇ ನಿಜವಾದ ಅಪರಾಧಿಯಾಗಿದ್ದ ಉದಾಹರಣೆಯೂ ಚರಿತ್ರೆಯಲ್ಲಿದೆ. ಜಪಾನಿನ ಟೊಯಾಮ ಪ್ರಾಂತ್ಯದ ಜಿನ್ಜು ನದಿಗೆ ಗಣಿಯೊಂದರಿಂದ ಕ್ಯಾಡ್ಮಿಯಂ ಹರಿದು, ಗದ್ದೆಗೆ ಸೇರಿ, ಅಕ್ಕಿಗೆ ಸೇರಿ, ಹೆಂಗಸರ ಮೂತ್ರಪಿಂಡಗಳನ್ನೂ ಎಲುಬುಗಳನ್ನೂ ಒಟ್ಟಿಗೇ ಕೆಡಿಸಿತು. ನೋವಿನ ಚೀತ್ಕಾರವೇ ಆ ರೋಗದ ಹೆಸರಾಯಿತು. 1968ರಲ್ಲಿ ಜಪಾನ್ ಸರಕಾರವು ಮಾಲಿನ್ಯವೇ ಇದರ ಕಾರಣವೆಂದು ಒಪ್ಪಿಕೊಂಡಿತು. ಒಂದು ಕಡೆ ನೀರನ್ನು ದೂರಿದ್ದು ತಪ್ಪಾಯಿತು, ಇನ್ನೊಂದು ಕಡೆ ದೂರದಿದ್ದುದು ತಪ್ಪಾಯಿತು.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ನಿಕರಾಗುವದ ಕಬ್ಬಿನ ಗದ್ದೆಗಳ ವಿಷಯ ಮೂರನೆಯ ಬಗೆಯದು. ಅಲ್ಲಿ ಕಬ್ಬು ಕಡಿಯುವ ಯುವಕರು ಇದೇ ರೀತಿ ಸಾಯುತ್ತಾರೆ. ನಿಕರಾಗುವದ ಒಂದು ಊರಿಗೆ ವಿಧವೆಯರ ದ್ವೀಪವೆಂಬ ಅಡ್ಡಹೆಸರೇ ಬಿದ್ದಿದೆ. ಅಲ್ಲಿಯ ಸಂಶೋಧಕರಲ್ಲಿ ಹೆಚ್ಚಿನವರು ಒತ್ತಿ ಹೇಳುವುದು ಬಿಸಿಲನ್ನು: ಸುಡುವ ಬಿಸಿಲಿನಲ್ಲಿ, ಕಡಿದಷ್ಟಕ್ಕೆ ಮಾತ್ರ ಕೂಲಿ ಎಂಬ ಕರಾರಿನಡಿ, ನೀರು ಕುಡಿಯಲೂ ನಿಲ್ಲದೆ ದುಡಿಯುವ ದೇಹದಲ್ಲಿ ಮೂತ್ರಪಿಂಡವು ದಿನದಿನವೂ ಗಾಯಗೊಳ್ಳುತ್ತದೆ. ಅಲ್ಲಿಯ ಪರಿಹಾರದ ಸೂತ್ರವು ನೀರು, ವಿಶ್ರಾಂತಿ, ನೆರಳು ಎಂಬ ಮೂರು ಪದಗಳದು. ಕೊಲ್ಲಿ ರಾಷ್ಟ್ರಗಳಲ್ಲಿ ಬಯಲಿನ ಕೆಲಸ ಮಾಡಿ ಮರಳಿದ ನೇಪಾಳದ ಯುವಕರಲ್ಲಿಯೂ ಮೂತ್ರಪಿಂಡ ವೈಫಲ್ಯದ ವರದಿಗಳಿವೆ. ಕೊಲ್ಲಿಗೆ ಮಕ್ಕಳನ್ನು ಕಳುಹಿಸಿದ ನಮ್ಮ ಕುಟುಂಬಗಳು ಇದನ್ನು ಓದಿ ಮುಂದಕ್ಕೆ ಸರಿಯಬಾರದು. ಆದರೆ ಬಿಸಿಲೊಂದೇ ಕಾರಣವೆನ್ನಲೂ ಆಗದು. ಬಿಸಿಲು ಎಲ್ಲೆಡೆಯೂ ಇದೆ, ಈ ರೋಗ ಎಲ್ಲೆಡೆ ಇಲ್ಲ. ಉದ್ದಾನದಲ್ಲಿಯೂ ಶ್ರೀಲಂಕೆಯಲ್ಲಿಯೂ ಹೆಂಗಸರಿಗೂ ಅದು ತಗಲಿದೆ.

ಇಷ್ಟನ್ನು ಓದಿದ ಮೇಲೆ ಓದುಗರು ಕೇಳಬಹುದು: ಹಾಗಾದರೆ ಪಂಡಿತರ ತೀರ್ಪು ಬರುವ ತನಕ ಕೈಕಟ್ಟಿ ಕೂರುವುದೇ? ಇಲ್ಲಿಯೇ ನಮ್ಮ ಪ್ರಕೃತ ವಿಷಯದ ಮರ್ಮವಿದೆ. ತಿಳಿಯುವುದಕ್ಕೆ ಬೇಕಾದ ನಿಶ್ಚಯ ಒಂದು, ನಡೆಯುವುದಕ್ಕೆ ಬೇಕಾದ ನಿಶ್ಚಯ ಇನ್ನೊಂದು. ಅರಿಸ್ಟಾಟಲನಿಂದ ಸಂತ ಥಾಮಸ್ ಅಕ್ವಿನಾಸರವರೆಗೆ ವಿವೇಕವೆಂಬ ಸದ್ಗುಣದ ಕುರಿತು ಬರೆದವರೆಲ್ಲರೂ ಈ ಭೇದವನ್ನು ಕಂಡಿದ್ದರು. ಗಣಿತದಲ್ಲಿ ಬೇಕಾದ ಖಚಿತತೆಯನ್ನು ಮನುಷ್ಯನ ವ್ಯವಹಾರದಲ್ಲಿ ಕೇಳುವವನು ವಿವೇಕಿಯಲ್ಲ, ವಿಳಂಬಿಸಲು ನೆಪ ಹುಡುಕುವವನು. 1992ರ ರಿಯೋ ಘೋಷಣೆಯ ಮುನ್ನೆಚ್ಚರಿಕೆಯ ತತ್ತ್ವವು ಹೇಳಿದ್ದೂ ಅದನ್ನೇ: ಗಂಭೀರವಾದ ಹಾನಿಯ ಭಯವಿರುವಾಗ ಪೂರ್ಣ ಪುರಾವೆಯಿಲ್ಲವೆಂದು ಕ್ರಮವನ್ನು ಮುಂದೂಡುವಂತಿಲ್ಲ. 1996ರಲ್ಲಿ ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳು ಬಾವಿಗಳನ್ನು ಕೆಡಿಸಿದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ದೇಶದ ಕಾನೂನಿನ ಭಾಗವೆಂದು ಎತ್ತಿಹಿಡಿಯಿತು; ಹಾನಿಯಿಲ್ಲವೆಂದು ತೋರಿಸುವ ಹೊಣೆಯು ಕಾರ್ಖಾನೆಯವನದೇ ಎಂದಿತು. 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು ಅದೇ ತತ್ತ್ವವನ್ನು ಹೆಸರಿಸಿ ಸಮರ್ಥಿಸಿದರು. ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದೂ ಬರೆದರು.

ಮುನ್ನೆಚ್ಚರಿಕೆಯ ಅಭಾವ ಏನು ಮಾಡಬಲ್ಲದೆಂಬುದನ್ನು ಕರಾವಳಿಯ ಜನರಿಗೆ ಹೊಸದಾಗಿ ಕಲಿಸಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸುವುದು ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಪುರಾವೆ ಎಲ್ಲಿದೆ ಎಂದು ಕೇಳಿದವರು ಸಿಂಪಡಣೆಯನ್ನು ಮಾತ್ರ ಪುರಾವೆ ಕೇಳದೆ ನಡೆಸುತ್ತಿದ್ದರು. ದೇಶವ್ಯಾಪಿ ತಡೆಯಾಜ್ಞೆಯು ಸರ್ವೋಚ್ಚ ನ್ಯಾಯಾಲಯದಿಂದ ಬಂದದ್ದು 2011ರಲ್ಲಿ. ಆ ನಡುವೆ ಹುಟ್ಟಿದ ಮಕ್ಕಳನ್ನು ದಕ್ಷಿಣ ಕನ್ನಡದ ಕೆಲವು ಊರುಗಳಲ್ಲಿಯೂ ತಾಯಂದಿರು ಇಂದಿಗೂ ಎತ್ತಿಕೊಂಡೇ ತಿರುಗುತ್ತಾರೆ.

ಉದ್ದಾನಕ್ಕೆ ಕೊನೆಗೂ ನೀರು ಬಂದಿತು. ವಂಶಧಾರಾ ನದಿಯ ಹಿರಮಂಡಲಂ ಜಲಾಶಯದಿಂದ ಸುಮಾರು 700 ಕೋಟಿ ರೂಪಾಯಿ ವೆಚ್ಚದಲ್ಲಿ ಕೊಳವೆಗಳನ್ನು ಎಳೆಯಲಾಯಿತು. 2023ರ ಡಿಸೆಂಬರಿನಲ್ಲಿ ಆ ಯೋಜನೆಯೂ, ಪಲಾಸದ 200 ಹಾಸಿಗೆಗಳ ಆಸ್ಪತ್ರೆ ಹಾಗೂ ಮೂತ್ರಪಿಂಡ ಸಂಶೋಧನಾ ಕೇಂದ್ರವೂ ಉದ್ಘಾಟನೆಗೊಂಡವು. ಇದು ಸರಿಯಾದ ಕೆಲಸ. ಬಾವಿಯು ತಪ್ಪಿತಸ್ಥನೆಂದು ನಾಳೆ ತಿಳಿದರೂ ಸರಿ, ಬಾಲ್ಕನ್ ಹಳ್ಳಿಯಂತೆ ನಿರಪರಾಧಿಯೆಂದು ತಿಳಿದರೂ ಸರಿ, ಒಳ್ಳೆಯ ನೀರು ಕೊಟ್ಟುದರಿಂದ ಯಾರೂ ಕೆಡುವುದಿಲ್ಲ. ಅದು ರೋಗಕ್ಕೆ ಕೊಟ್ಟ ಮದ್ದಾಗಲಿ ಬಿಡಲಿ, ಜನರಿಗೆ ಮೊದಲೇ ಸಲ್ಲಬೇಕಾಗಿದ್ದ ಸಾಲವಾಗಿತ್ತು.

ಆದರೆ ನಮಗೆ ಇನ್ನೊಂದು ಭಯವಿದೆ. ಸರಕಾರಗಳಿಗೆ ಕೊಳವೆ ಎಳೆಯುವುದು ಸುಲಭ. ಅದಕ್ಕೆ ಶಿಲಾನ್ಯಾಸವುಂಟು, ಉದ್ಘಾಟನೆಯುಂಟು. ಕೂಲಿಯ ದರವನ್ನು ಏರಿಸುವುದಕ್ಕೆ, ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ನಿಲ್ಲಿಸುವುದಕ್ಕೆ, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ನೋವಿನ ಮಾತ್ರೆ ಮಾರುವುದನ್ನು ತಡೆಯುವುದಕ್ಕೆ ಟೇಪು ಕತ್ತರಿಸುವ ಸಮಾರಂಭವಿಲ್ಲ. ನೀರು ಬಂದಿತು, ಸಮಸ್ಯೆ ಮುಗಿಯಿತು ಎಂದು ಕಡತವನ್ನು ಕಟ್ಟಿಟ್ಟರೆ, ಕಾರಣ ಬೇರೆಡೆ ಇದ್ದಲ್ಲಿ ಜನರು ಒಳ್ಳೆಯ ನೀರು ಕುಡಿಯುತ್ತಲೇ ಸಾಯುವರು. ಈ ರೋಗ ಮೈಗೂಡಲು ವರ್ಷಗಳೇ ಬೇಕು. ಇಂದು ಶಾಲೆಗೆ ಹೋಗುವ ಉದ್ದಾನದ ಮಕ್ಕಳು ಮೂವತ್ತರ ವಯಸ್ಸು ತಲುಪಿದಾಗಲೇ ಕೊಳವೆಯ ನೀರು ಏನು ಮಾಡಿತೆಂಬುದು ಗೊತ್ತಾಗುವುದು. ಅಷ್ಟು ಕಾಲ ಲೆಕ್ಕ ಇಡುವ ತಾಳ್ಮೆ ನಮ್ಮ ಆಡಳಿತಗಳಿಗೆ ಇದೆಯೇ?

ಬಲಿಪೀಠದಿಂದ ಮಾತನಾಡುವವರಿಗೂ ಒಂದು ಮಾತು ಸಲ್ಲುತ್ತದೆ. ದುಃಖಿತರಾದ ಜನರ ಮುಂದೆ ನಿಂತು ಒಂದು ಕಂಪೆನಿಯ ಹೆಸರನ್ನೋ ಒಂದು ಗೊಬ್ಬರದ ಹೆಸರನ್ನೋ ಹೇಳಿ ಗುಡುಗುವುದು ಸುಲಭ, ಜನ ತಲೆದೂಗುತ್ತಾರೆ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯು ಶ್ರೀಮಂತನ ವಿರುದ್ಧವೂ ಜಾರಿಯಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ತಪ್ಪು ಕಾರಣವನ್ನು ನಂಬಿ ಕುಳಿತ ಊರು ಸರಿಯಾದ ಕಾರಣವನ್ನು ಹುಡುಕುವುದನ್ನು ನಿಲ್ಲಿಸುತ್ತದೆ.

ನಮ್ಮ ರಾಜ್ಯದ ಕಡೆಗೆ ಬಂದರೆ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಳವೆ ಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. ಆಳದ ಗ್ರಾನೈಟ್ ಬಂಡೆಯ ಸಂದುಗಳಲ್ಲಿ ದೀರ್ಘಕಾಲ ನಿಂತ ನೀರು ಬಂಡೆಯ ಖನಿಜಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಫ್ಲೋರೈಡ್‌ನಿಂದ ಹಲ್ಲು ಕಂದಾಗುವುದನ್ನು, ಮೊಣಕಾಲು ಬಾಗುವುದನ್ನು ಆ ಕಡೆಯವರು ತಲೆಮಾರಿನಿಂದ ಕಂಡಿದ್ದಾರೆ. ಇದರೊಡನೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿದಾಗ 57ರಲ್ಲಿ ಯುರೇನಿಯಂ ಅಂಶವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಮನ್ನು ಮೀರಿತ್ತು. ಯುರೇನಿಯಂ ಎಂದೊಡನೆ ಜನ ಅಣುಬಾಂಬನ್ನು ನೆನೆಯುತ್ತಾರೆ; ಕುಡಿಯುವ ನೀರಿನಲ್ಲಿ ಅದರ ಮುಖ್ಯ ಅಪಾಯವು ಲೋಹವಾಗಿ ಮೂತ್ರಪಿಂಡಕ್ಕೆ ಮಾಡುವ ಹಾನಿ. ಅಲ್ಲಿ ಉದ್ದಾನದಂತಹ ರೋಗವಿದೆ ಎಂದು ಹೇಳಲು ನಮ್ಮ ಬಳಿ ಆಧಾರವಿಲ್ಲ, ಹೇಳುವುದೂ ಇಲ್ಲ. ನೀರಿನ ಫಲಿತಾಂಶ ಕೈಯಲ್ಲಿರುವಾಗ ಆ ಹಳ್ಳಿಗಳ ಜನರ ರಕ್ತವನ್ನು ಪರೀಕ್ಷಿಸಿ ನೋಡಬೇಕೆಂದು ಕೇಳುವುದು ಮಾತ್ರ ನ್ಯಾಯ.

ಕರಾವಳಿಯ ನಮ್ಮ ತೆರೆದ ಬಾವಿಗಳ ಸ್ಥಿತಿ ಅಷ್ಟು ಕಠಿಣವಾದುದಲ್ಲ. ಆದರೂ ತೋಟಕ್ಕೆ ತೋಡಿದ ಕೊಳವೆ ಬಾವಿಯ ನೀರು ಅಡುಗೆಮನೆಗೂ ಬರುವ ಮನೆಗಳು ಹೆಚ್ಚುತ್ತಿವೆ. ನಮ್ಮ ತಾಯಂದಿರಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಇಲ್ಲಿ ತಿದ್ದಬೇಕು: ಕುದಿಸಿದರೆ ನೀರು ಶುದ್ಧವಾಗುತ್ತದೆ ಎಂಬುದು ರೋಗಾಣುಗಳ ಮಟ್ಟಿಗೆ ಸತ್ಯ, ಕರಗಿದ ಫ್ಲೋರೈಡ್, ನೈಟ್ರೇಟ್, ಲೋಹಗಳು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತವೆ. ಹಾಗೆಂದು ಜಾಹೀರಾತು ನೋಡಿ ಸಾವಿರಾರು ರೂಪಾಯಿಯ ಯಂತ್ರಕ್ಕೆ ಸಾಲ ಮಾಡುವುದೂ ಬೇಡ. ಮೊದಲು ನೀರನ್ನು ಪರೀಕ್ಷಿಸಬೇಕು. ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ ಒಂದೂವರೆ. ನೈಟ್ರೇಟ್ 45ನ್ನು ದಾಟಬಾರದು. ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯವು ಗ್ರಾಮ ಪಂಚಾಯಿತಿಯ ಮೂಲಕ ಹೋದ ಮಾದರಿಗಳನ್ನು ಸ್ವೀಕರಿಸುತ್ತದೆ.

ಧರ್ಮಕೇಂದ್ರದ ವಾರ್ಡುಗಳ ಗುರಿಕಾರರು, ಯುವಜನರು ಸೇರಿದರೆ ಬೇಸಿಗೆಗೆ ಮುನ್ನ ಒಂದು ಭಾನುವಾರ, ಮಳೆಗಾಲ ಕಳೆದ ಮೇಲೆ ಇನ್ನೊಂದು ಭಾನುವಾರ, ಊರಿನ ಬಾವಿಗಳ ಮಾದರಿಯನ್ನು ತೊಳೆದ ಬಾಟಲಿಗಳಲ್ಲಿ ಸಂಗ್ರಹಿಸುವುದು ದೊಡ್ಡ ಕೆಲಸವಲ್ಲ. ಕ್ರೈಸ್ತರ ಬಾವಿ, ಹಿಂದೂಗಳ ಬಾವಿ, ಮುಸಲ್ಮಾನರ ಬಾವಿ ಎಂಬ ಭೇದವನ್ನು ಅಂತರ್ಜಲವು ಅರಿಯದು. ಯಕೋಬನ ಬಾವಿಯ ಬಳಿ ಪ್ರಭುವು ನೀರು ಕೇಳಿದ್ದೂ ಪರಜಾತಿಯ ಹೆಂಗಸಿನ ಬಳಿಯೇ. ಫಲಿತಾಂಶಗಳನ್ನು ದೇವಾಲಯದ ಸೂಚನಾಫಲಕದಲ್ಲಿಯೂ ಪಂಚಾಯಿತಿಯಲ್ಲಿಯೂ ತಾರೀಖಿನೊಡನೆ ಹಾಕಬೇಕು, ಪ್ರತಿವರ್ಷ ಉಳಿಸಿಕೊಳ್ಳಬೇಕು. ಪರೀಕ್ಷೆಯ ಖರ್ಚನ್ನು ಭರಿಸಲಾರದ ಮನೆಗಳಿಗೆ ವಿನ್ಸೆಂಟ್ ದಿ ಪಾವ್ಲ್ ಸಭೆಯು ನೆರವಾಗಬಹುದು. ಸಭೆಯ ನಿಧಿಯಿಂದ ಸತ್ತ ಮೇಲಿನ ಪೆಟ್ಟಿಗೆಗೆ ಹಣ ಕೊಡುತ್ತೇವೆ. ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಗೆ ತಗಲುವುದು ಅದರ ಒಂದು ಚಿಕ್ಕ ಅಂಶ ಮಾತ್ರ. ನಲವತ್ತು ದಾಟಿದ ಕೂಲಿಕಾರರು, ಮೈಕೈ ನೋವಿಗೆ ದಿನವೂ ಮಾತ್ರೆ ನುಂಗುವವರು, ಕೊಲ್ಲಿಯಿಂದ ರಜೆಯಲ್ಲಿ ಬರುವ ಮಕ್ಕಳು ವರ್ಷಕ್ಕೊಮ್ಮೆ ಅದನ್ನು ಮಾಡಿಸಿಕೊಂಡು, ಚೀಟಿಯನ್ನು ಜ್ಞಾನಸ್ನಾನದ ಸರ್ಟಿಫಿಕೇಟಿನೊಡನೆ ಅದೇ ಪೆಟ್ಟಿಗೆಯಲ್ಲಿ ಇಡಲಿ. ಮುಂದೆ ಎಂದಾದರೂ ವೈದ್ಯರು ಕೇಳುವುದು ಮೊದಲು ಹಳೆಯ ಚೀಟಿಯನ್ನೇ.